ಎಲ್ಲಕ್ಕೂ ಮೊದಲೇ ಹೊರಡುತ್ತಿದ್ದವರು

ಹೋದ ತಿಂಗಳು ಧಾರವಾಡದಿಂದ ವೈನಿಯ ಫೋನ್ ಬಂತು.

"ನಿಮ್ಮ ಸರ್ ಹೋದ್ರವ್ವಾ," ಎಂದರು. ಹಾಗೇ ಮುಂದುವರಿಸಿದರು. "ಡಾಕ್ಟರು ಇನ್ನೂ ಟೈಮ್ ಐತಿ ಅಂದಿದ್ರು. ಇವರು ಎಲ್ಲಿ ಕೇಳ್ತಾರ? ಅಲ್ಲಿಗೂ ಲಗೂನ ಹೋಗಿ ಕುಂತ್ರು."

ಅಳಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. ಆ ಕಡೆ ವೈನಿಯೂ ನಕ್ಕಂತೆ ಕೇಳಿಸಿತು. ಆಮೇಲೆ ಇಬ್ಬರೂ ಅತ್ತೆವು. ನಲವತ್ತು ವರ್ಷ ಒಬ್ಬ ಮನುಷ್ಯನ ಹಿಂದೆ ಓಡಿ ದಣಿದ ಹೆಂಗಸಿಗೆ ಇನ್ನು ಓಡಬೇಕಾಗಿಲ್ಲ ಎಂದು ಗೊತ್ತಾದಾಗ ಬರುವ ಅಳು ಅವರದು. ನನಗೆ ಅದನ್ನು ಬೇರೆ ಹೇಗೆ ಹೇಳಬೇಕೆಂದು ಗೊತ್ತಿಲ್ಲ.

ಎರಡು ಸಾವಿರದ ಇಸವಿಯ ಈಚಿನ ಏಳೆಂಟು ವರ್ಷ ನಾವು ಒಮಾನಿನ ರುಸ್ತಾಕಿನಲ್ಲಿದ್ದೆವು. ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯವಳು. ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನಗೆ ಒಂದು ಕಂಪನಿಯ ಆಫೀಸಿನಲ್ಲಿ ಟೈಪಿಂಗ್, ಫೈಲು, ಫೋನು, ಬಂದವರಿಗೆ ಕಾಫಿ, ಎಲ್ಲವೂ. ಸರ್ ಅದೇ ಕಂಪನಿಯಲ್ಲಿ ಬೋರ್‌ವೆಲ್ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ಬಾಗಲಕೋಟೆ ಕಡೆಯವರು. ಅವರ ಹೆಂಡತಿಯನ್ನು ರುಸ್ತಾಕಿನ ಬೆರಳೆಣಿಕೆಯ ಕನ್ನಡದ ಮನೆಗಳವರೆಲ್ಲ ವೈನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅತ್ತಿಗೆ ಎಂದು ಅರ್ಥ ಎಂದು ಆಮೇಲೆ ತಿಳಿಯಿತು.

ಹೊತ್ತಿಗೆ ಸರಿಯಾಗಿ ಬರುವವರನ್ನು ಕಂಡರೆ ಎಲ್ಲರಿಗೂ ಗೌರವ. ಹೊತ್ತಿಗೆ ಮುಂಚೆ ಬರುವವರ ಜೊತೆ ಬಾಳುವುದು ಮಾತ್ರ ಬಲು ಸುಸ್ತಿನ ಕೆಲಸ. ಸರ್ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಬಂದು ಬಾಗಿಲ ಮುಂದೆ ನಿಂತಿರುತ್ತಿದ್ದರು. ಬೀಗದ ಕೈ ನನ್ನ ಹತ್ತಿರ. ನಾನು ಸರಿಯಾದ ಹೊತ್ತಿಗೇ ಹೋದರೂ ಅವರ ಮುಖ ಕಂಡೊಡನೆ ತಡವಾಗಿ ಬಂದವಳಂತೆ ಓಡುತ್ತಿದ್ದೆ.

"ಎಂತ ಸರ್, ರಾತ್ರಿ ಇಲ್ಲೇ ಮಲಗಿದ್ದೀರಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಹಿಂದ ಕೆಲಸ ಇಟ್ಕೊಂಡು ಕುಂದ್ರಬಾರದ್ರೀ," ಎಂದರು. ತಮಾಷೆ ಅವರಿಗೆ ತಾಗಲಿಲ್ಲ.

ಊರಿಗೆ ಹೋಗುವ ವರ್ಷ ಮಳೆಗಾಲಕ್ಕೆ ಟಿಕೆಟಾದರೆ ಬೇಸಿಗೆಯಲ್ಲೇ ಸೂಟ್‌ಕೇಸುಗಳಿಗೆ ಹಗ್ಗ ಬಿಗಿದಿರುತ್ತಿದ್ದರು. ಒಂದು ಸೀರೆ ಬೇಕಾದರೂ ವೈನಿ ಆ ಹಗ್ಗ ಬಿಚ್ಚಬೇಕು, ಮತ್ತೆ ಬಿಗಿಯಬೇಕು. ಮಸ್ಕತ್ತಿನಲ್ಲಿ ಕನ್ನಡದವರ ಕಾರ್ಯಕ್ರಮವಿದ್ದರೆ ಇವರು ತಲುಪುವ ಹೊತ್ತಿಗೆ ಹಾಲ್‌ನಲ್ಲಿ ಕುರ್ಚಿ ಹಾಕಿರುತ್ತಿರಲಿಲ್ಲ. ಸರ್ ತೋಳು ಮಡಚಿ ತಾವೇ ಕುರ್ಚಿ ಹಾಕುತ್ತಿದ್ದರು. ಊಟದ ಹೊತ್ತಿಗೆ, ಆಮೇಲೆ ರಸ್ತೆಯಲ್ಲಿ ರಶ್ ಆಗುತ್ತದೆಂದು ಹೊರಟುಬಿಡುತ್ತಿದ್ದರು. ಅಲ್ಲಿ ಬಾಳೆಎಲೆ ಊಟ ಬಡಿಸುತ್ತಿರುವಾಗ ವೈನಿ ಕಾರಿನಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದರಂತೆ. ಕ್ರಿಸ್‌ಮಸ್ ಶುಭಾಶಯ ಹೇಳಲು ನಮ್ಮ ಮನೆಗೆ ಹಿಂದಿನ ದಿನವೇ ಬರುತ್ತಿದ್ದರು. ನಾನಿನ್ನೂ ಕುಸ್ವಾರಿನ ತಿಂಡಿಗಳನ್ನು ಕರಿಯುತ್ತಾ, ಕೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿರುತ್ತಿದ್ದೆ.

ಒಳ್ಳೆಯವರು. ಯಾರಿಗೂ ಕೆಟ್ಟ ಮಾತಾಡಿದವರಲ್ಲ. ಆದರೆ ಅವರ ಜೊತೆ ಒಂದು ಗಂಟೆ ಕಳೆದರೆ ಒಂದು ದಿನ ಕೆಲಸ ಮಾಡಿದಷ್ಟು ಆಯಾಸವಾಗುತ್ತಿತ್ತು.

ಅವರು ರಿಟೈರ್ ಆದದ್ದು ಒಂದು ಚಳಿಗಾಲದಲ್ಲಿ. ಊರಿಗೆ ಹೋಗುವ ವಿಮಾನ ಜನವರಿಯ ಕೊನೆಗೆ. ಡಿಸೆಂಬರಿನಲ್ಲೇ ಮನೆ ಬರಿದಾಯಿತು. ಕಾರು ಮಾರಿದರು, ಫ್ರಿಜ್ ಕೊಟ್ಟರು, ಮಂಚ ಕೊಟ್ಟರು, ಗ್ಯಾಸಿನ ಒಲೆಯೊಂದು ಬಿಟ್ಟು ಎಲ್ಲ ಕೊಟ್ಟರು. ವೀಸಾ ಕೂಡ ಕ್ಯಾನ್ಸಲ್ ಮಾಡಿಸಿಬಿಟ್ಟರು. ದೇಶ ಬಿಡಲು ಇಷ್ಟು ದಿನ ಎಂದು ಅವಕಾಶ ಸಿಗುತ್ತದೆ, ಕೊನೆಯ ವಾರದಲ್ಲಿ ಮಾಡಿಸಿದರೂ ನಡೆಯುತ್ತದೆ ಎಂದು ಆಫೀಸಿನ ವೀಸಾ ಕಾಗದಪತ್ರ ನೋಡಿಕೊಳ್ಳುವ ನಮ್ಮ ಪಿಆರ್‌ಒ ಹೇಳಿದ. ಇವರು ಕೇಳಲಿಲ್ಲ. ಇಬ್ಬರೂ ಖಾಲಿ ಮನೆಯಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಸಾಲಾಗಿ ನಿಲ್ಲಿಸಿದ ಸೂಟ್‌ಕೇಸುಗಳನ್ನು ನೋಡುತ್ತಾ ಮಲಗುತ್ತಿದ್ದರು.

ಕ್ರಿಸ್‌ಮಸ್ ಮುಗಿದ ಮರುದಿನ ವೈನಿ ಒಬ್ಬರೇ ನಮ್ಮ ಮನೆಗೆ ಬಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, "ತಂಗಿ, ಒಂದು ಕೇಳ್ತೀನಿ, ಇಲ್ಲ ಅನಬ್ಯಾಡ್ರಿ. ನಮ್ಮನ್ನ ನಿಮ್ಮ ಗಾಡ್ಯಾಗ ಬುರೈಮಿಗೆ ಕರಕೊಂಡು ಹೋಗ್ರಿ," ಎಂದರು.

ಬುರೈಮಿ ಎಂದರೆ ದೇಶದ ಆ ತುದಿ, ಪಕ್ಕದ ದೇಶದ ಅಲ್ ಐನ್ ಊರಿಗೆ ಅಂಟಿಕೊಂಡಂತೆ ಇರುವ ಊರು. "ಅಲ್ಲಿ ಎಂತ ಉಂಟು ವೈನಿ?" ಎಂದೆ. ಆಗ ಹೇಳಿದರು.

ಒಮಾನಿಗೆ ಬಂದ ಮೊದಲ ವರ್ಷಗಳಲ್ಲಿ ಅವರು ಬುರೈಮಿಯಲ್ಲಿದ್ದರು. ಮಗಳು ಹುಟ್ಟಿದ್ದು ಅಲ್ಲೇ. ಮಗುವಿಗೆ ಎರಡು ತಿಂಗಳಾಗುವಾಗ ವೈನಿ ಕಾಮಾಲೆಯಾಗಿ ಆಸ್ಪತ್ರೆ ಸೇರಿದರು. ಸರ್ ಒಬ್ಬರೇ, ಕೈಯಲ್ಲಿ ಅಳುವ ಕೂಸು. ಬಾಟಲಿಯ ಹಾಲನ್ನು ಅದು ಬಾಯಿಗೇ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯ ಒಮಾನಿ ಹೆಂಗಸು ಅಳು ಕೇಳಿ ಬಂದವಳು ಒಂದು ಮಾತೂ ಆಡದೆ ಕೂಸನ್ನು ಕಿತ್ತುಕೊಂಡು ಹೋದಳು. ಅವಳಿಗೂ ಮೊಲೆ ಕುಡಿಯುವ ಗಂಡು ಮಗು, ಸಾಲಿಂ ಎಂದು. ಎಲ್ಲರೂ ಅವಳನ್ನು ಉಮ್ಮ್ ಸಾಲಿಂ, ಸಾಲಿಂನ ತಾಯಿ ಎನ್ನುತ್ತಿದ್ದರು. ಎರಡೂ ಮಕ್ಕಳಿಗೆ ಅವಳೇ ಹಾಲೂಡಿದಳು. ವೈನಿ ಗುಣವಾಗಿ ಬಂದ ಮೇಲೂ ಅವರ ಹಾಲು ಬತ್ತಿತ್ತು, ಕೂಸು ಅಲ್ಲೇ ಬೆಳೆಯಿತು.

"ಅವರಾಗ ಹಾಲು ಕುಡಿಸಿದ್ರ ತಾಯೀನಽ ಆದಂಗ ಅಂತ. ಸಾಲಿಂ ನಮ್ಮ ಹುಡಿಗಿಗೆ ಅಣ್ಣ. ಹಂಗಂತ ಅಕಿ ಎದಿ ಮುಟ್ಟಿ ನನಗ ಹೇಳಿದ್ಲು," ಎಂದರು ವೈನಿ.

ನಂತರ ಕಂಪನಿ ಸರ್ ಅವರನ್ನು ಇಬ್ರಿ ಎಂಬ ಊರಿಗೆ ವರ್ಗ ಮಾಡಿತು. ಒಂದು ತಿಂಗಳ ಅವಕಾಶ ಕೊಟ್ಟಿತ್ತು. ಸರ್ ವಾರದೊಳಗೆ ಸಾಮಾನು ಕಟ್ಟಿದರು. ಉಮ್ಮ್ ಸಾಲಿಂ ಆ ವಾರ ಯಾರದೋ ಮದುವೆಗೆಂದು ತವರಿಗೆ ಹೋಗಿದ್ದಳು. ಬರುವವರೆಗೆ ನಿಲ್ಲೋಣ ಎಂದು ವೈನಿ ಅಂಗಲಾಚಿದರು. ಲಾರಿ ಬಂದಾಗಿದೆ ಎಂದರು ಸರ್.

"ಕೂಸು ಇನ್ನ ಅಕಿ ಎದಿ ಬಿಟ್ಟಿದ್ದಿಲ್ಲ. ಅಕಿ ತಿರುಗಿ ಬಂದು ನೋಡಿದ್ರ ನಮ್ಮ ಮನಿಗೆ ಬೀಗ. ಹೇಳದಽ ಬಂದ್ವಿ ತಂಗಿ. ಆಮ್ಯಾಲ ಹೋಗೂಣು ಅಂದ್ರ ಮುಂದಿನ ವರ್ಷ, ಮುಂದಿನ ವರ್ಷ ಅಂದ್ರು. ಎಲ್ಲಾ ಕೆಲಸಾ ಮೊದಲಽ ಮಾಡೂ ಮನಶಾ, ಇದೊಂದು ಹಿಂದ ಹಿಂದ ದೂಡಿದ್ರು. ಮಾರಿ ತೋರಸಾಕ ಹೆದರ್ತಾರ ಅವರು. ನನಗ ಗೊತ್ತಿಲ್ಲೇನು?"

ಇನ್ನು ಒಂದು ತಿಂಗಳು ಕಳೆದರೆ ಈ ದೇಶಕ್ಕೆ ಮತ್ತೆ ಬರುವವರಲ್ಲ. ಅವಳನ್ನು ಒಮ್ಮೆ ನೋಡಿ, ಹೇಳಿ ಹೋಗಬೇಕು. ವೈನಿಗೆ ಬೇಕಾದದ್ದು ಅಷ್ಟೇ. ಗಂಡನಿಗೆ ರಜೆ ಸಿಗಲಿಲ್ಲ. ನಾನು ಆಫೀಸಿಗೆ ಎರಡು ದಿನ ರಜೆ ಹಾಕಿದೆ.

ಹೊರಡುವ ದಿನ ಸರ್ ಎಷ್ಟು ಬೇಗ ಬರುತ್ತಾರೆಂದು ಲೆಕ್ಕ ಹಾಕಿ ಅದಕ್ಕಿಂತಲೂ ಮೊದಲು ಎದ್ದೆ. ಗೇಟಿನ ಹೊರಗೆ ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು, ಅದರ ಮೇಲೆ ಸ್ವೆಟರು ಹಾಕಿಕೊಂಡು ಆಗಲೇ ನಿಂತಿದ್ದರು. ಒಮಾನಿನ ಚಳಿ ಬೆಳಗಿನ ಜಾವಕ್ಕಷ್ಟೇ, ಬಿಸಿಲೇರಿದರೆ ಬೆವರು. ಆದರೆ ಅವರ ಚಳಿ ಬಾಗಲಕೋಟೆಯಿಂದಲೇ ಜೊತೆಗೆ ಬಂದದ್ದು. ಡಿಕ್ಕಿಯಲ್ಲಿ ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಥರ್ಮಾಸು. ವೈನಿಯ ಮಡಿಲಲ್ಲಿ ಒಂದು ಇಳಕಲ್ ಸೀರೆಯ ಪೊಟ್ಟಣ, ಉಮ್ಮ್ ಸಾಲಿಂಗೆ.

"ಅವಳು ಸೀರೆ ಉಡ್ತಾಳಾ ವೈನಿ?"

"ಉಡದಿದ್ರ ಬಾಗಲಕ್ಕ ಕಟ್ಟಲಿ. ಬರೇ ಕೈಲೆ ಹೋಗೂದೇನು?"

ಬೆಟ್ಟಗಳ ನಡುವಿನ ದಾರಿಯಲ್ಲಿ ಇಬ್ರಿ ಕಡೆಗೆ ಹೊರಟೆವು. ಸರ್ ಮುಂದಿನ ಸೀಟಿನಲ್ಲಿ ಕುಳಿತು ತಿರುವು ಬರುವ ಮೊದಲೇ, "ಮುಂದ ತಿರುವು ಐತ್ರಿ," ಎನ್ನುತ್ತಿದ್ದರು. ಟ್ಯಾಂಕು ತುಂಬಿದ್ದರೂ ಕಂಡ ಪೆಟ್ರೋಲ್ ಪಂಪಿನಲ್ಲೆಲ್ಲ ನಿಲ್ಲಿಸಿ ಎಂದರು. ನಿಲ್ಲಿಸಿದರೆ, ಇಳಿಯುವ ಮೊದಲೇ ಹೊರಡೋಣ ಎಂದರು. ನನಗೆ ತಲೆನೋವು ಶುರುವಾಯಿತು. ಹಿಂದಿನಿಂದ ವೈನಿ ನನ್ನ ಹೆಗಲನ್ನು ಮೆಲ್ಲಗೆ ತಟ್ಟಿದರು. ತಾನು ಇಷ್ಟು ವರ್ಷ ಹೊತ್ತದ್ದನ್ನು ಸ್ವಲ್ಪ ಹೊತ್ತು ನೀನು ಹೊರು ಎಂಬಂತಿತ್ತು ಆ ತಟ್ಟುವಿಕೆ.

ಇಬ್ರಿಯಲ್ಲಿ ರಾತ್ರಿ ಉಳಿದೆವು. ಮರುದಿನ ಬೆಳಿಗ್ಗೆ ದಾರಿ ಬಯಲಿಗೆ ಬಿತ್ತು. ಎರಡೂ ಕಡೆ ಜಲ್ಲಿ ನೆಲ, ಅಲ್ಲಲ್ಲಿ ಕುರುಚಲು, ದೂರಕ್ಕೆ ದೂರಕ್ಕೆ ಒಂದೊಂದು ಗಾಫ್ ಮರ. ವೈನಿ ಒಂದು ಮರದ ಹತ್ತಿರ ನಿಲ್ಲಿಸಲು ಹೇಳಿ ಇಳಿದರು.

"ಇದು ನಮ್ಮ ಬನ್ನಿ ಗಿಡರಿ. ಬುರೈಮ್ಯಾಗ ದಸರಾಕ್ಕ ನಾ ಇದರ ಎಲಿ ಹರಕೊಂಡು ಹೋಗಿ ಉಮ್ಮ್ ಸಾಲಿಂಗ ಬಂಗಾರ ಅಂತ ಕೊಟ್ಟೆ. ಅಕಿ ಭಾಳ ಖುಷಿಯಿಂದ ತಗೊಂಡ್ಲು. ತಗೊಂಡು ಆಡಿಗೆ ಹಾಕಿದ್ಲು!"

ಅವರು ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಸರ್ ನಗಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ.

ಅಲ್ಲಿಂದ ಮುಂದೆ ಅವರು ಬದಲಾದರು. ತಿರುವು ಬಂದರೂ ಹೇಳಲಿಲ್ಲ. ರಸ್ತೆ ಬದಿಯ ಒಂದು ಅಂಗಡಿ ಕಂಡಾಗ ಚಹಾ ಕುಡಿಯೋಣ ಎಂದರು. ಥರ್ಮಾಸಿನಲ್ಲಿ ಚಹಾ ಇತ್ತು. ಕುಡಿದು ಹೊರಟರೆ ಮತ್ತೊಂದು ಅಂಗಡಿಯಲ್ಲಿ ಮತ್ತೆ ಚಹಾ. ಅಲ್ಲಿ ಗ್ಲಾಸು ಬರಿದಾದ ಮೇಲೂ ಅದನ್ನು ತಿರುಗಿಸುತ್ತಾ ಕುಳಿತರು. ಸರ್ ತಡ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಕನಿಕರವಾಯಿತು. ಅರವತ್ತರ ಗಂಡಸು, ತಪ್ಪು ಮಾಡಿ ಮನೆಗೆ ಹೋಗಲು ಹೆದರುವ ಮಗುವಿನ ಹಾಗೆ ಕುಳಿತಿದ್ದರು.

ಬುರೈಮಿ ಇನ್ನೂ ದೂರವಿರುವಾಗಲೇ ಚೆಕ್‌ಪೋಸ್ಟ್ ಬಂತು. ನಾನು ಗಾಜು ಇಳಿಸಿ ನನ್ನ ರೆಸಿಡೆಂಟ್ ಕಾರ್ಡು, ಅವರ ಪಾಸ್‌ಪೋರ್ಟುಗಳನ್ನು ಕೊಟ್ಟೆ. ಪೊಲೀಸ್ ಇನ್ನೂ ಎಳೆಯ ಪ್ರಾಯದವನು. ಪುಟ ತಿರುಗಿಸಿ ನೋಡಿದ, ಬಗ್ಗಿ ಸರ್ ಮುಖ ನೋಡಿದ. ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಬೆರೆಸಿ ವಿವರಿಸಿದ. ಬುರೈಮಿ ಒಮಾನಿನದೇ ಊರು. ಆದರೆ ದೇಶದಿಂದ ಹೊರಗೆ ಹೋಗುವ ಠಸ್ಸೆ ಬೀಳುವುದು ಈ ಪೋಸ್ಟಿನಲ್ಲಿ. ವೀಸಾ ಇದ್ದವರು ಹೋಗಿ ಬರಬಹುದು. ಇವರ ವೀಸಾ ಕ್ಯಾನ್ಸಲ್ ಆಗಿದೆ. ದಾಟಿದರೆ ದೇಶ ಬಿಟ್ಟಂತೆ, ಮತ್ತೆ ಒಳಗೆ ಬರುವಂತಿಲ್ಲ.

"ಬಾಬಾ, ಗೋ, ಖಲಾಸ್. ನೋ ಕಮ್ ಬ್ಯಾಕ್," ಎಂದ. ಮುಖದಲ್ಲಿ ಬೇಸರವಿತ್ತು.

ಸರ್ ಹಿಂದೆ ಅಲ್ಲಿದ್ದಾಗ ಕಂಪನಿಯ ಗಾಡಿಯಲ್ಲಿ, ಕಂಪನಿಯ ಕಾಗದದ ಮೇಲೆ ಓಡಾಡಿದವರು. ಅವರಿಗೆ ಇದು ಹೊಳೆದೇ ಇರಲಿಲ್ಲ. ನಾನೊಬ್ಬಳೇ ಹೋಗಿ ಅವಳನ್ನು ಕರೆತರೋಣವೆಂದರೆ ನನ್ನ ಪಾಸ್‌ಪೋರ್ಟು ಎಲ್ಲರದರಂತೆ ಆಫೀಸಿನ ಸೇಫಿನಲ್ಲಿತ್ತು. ಒಮಾನಿನೊಳಗೇ ಹೋಗುವುದಲ್ಲವೇ ಎಂದು ತಂದಿರಲಿಲ್ಲ. ಕಾರನ್ನು ತಿರುಗಿಸಿ ಪೋಸ್ಟಿನ ಈಚೆಗೆ, ರಸ್ತೆ ಪಕ್ಕದಲ್ಲಿ ನಿಲ್ಲಿಸಿದೆ.

ವೀಸಾ ಕ್ಯಾನ್ಸಲ್ ಮಾಡಿಸಲು ಕೊನೆಯ ವಾರದವರೆಗೆ ಕಾದಿದ್ದರೆ ಸಾಕಿತ್ತು. ವೈನಿ ರೇಗುತ್ತಾರೆಂದು ನಾನು ಕಾದೆ. ರೇಗಿದ್ದರೆ ಒಳ್ಳೆಯದಿತ್ತು. ಅವರು ಸೀರೆಯ ಪೊಟ್ಟಣವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು.

"ಇರ್ಲಿ ಬಿಡ್ರಿ. ನಡೀರಿ ತಂಗಿ, ತಿರುಗಿ ಹೋಗೂಣು."

ನಾನು ಕೀಲಿಗೆ ಕೈ ಹಾಕಿದೆ. ಸರ್ ಬಾಗಿಲು ತೆಗೆದು ಇಳಿದರು. ಮಂಕಿ ಕ್ಯಾಪು ತೆಗೆದು ಸೀಟಿನ ಮೇಲಿಟ್ಟರು, ತಲೆ ಸವರಿಕೊಂಡರು, ಪೋಸ್ಟಿಗೆ ಮೊದಲು ಗಾಡಿಗಳು ನಿಧಾನವಾಗುವಲ್ಲಿ ಹೋಗಿ ನಿಂತರು. ಮೊದಲು ಬಂದ ಪಿಕಪ್ಪಿಗೆ ಕೈ ಅಡ್ಡ ಹಿಡಿದರು.

ತನ್ನ ಸಲುವಾಗಿ ಯಾರನ್ನೂ ಒಂದು ಲೋಟ ನೀರು ಕೇಳದ ಮನುಷ್ಯ ಅವರು. ಪರರಿಗೆ ತೊಂದರೆ ಕೊಡಬಾರದೆಂದೇ ರೊಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದವರು. ಅಲ್ಲಿ ರಸ್ತೆಯಲ್ಲಿ ನಿಂತು, ಸೈಟಿನಲ್ಲಿ ಕಲಿತ ಮುರುಕು ಅರಬ್ಬಿಯಲ್ಲಿ, ಬುರೈಮಿ ಕಡೆ ಹೋಗುವ ಒಬ್ಬೊಬ್ಬರ ಕಿಟಕಿಗೂ ಬಗ್ಗಿ ಬೇಡುತ್ತಿದ್ದರು. ಸಾಲಿಂನ ತಾಯಿ. ಹಳೆಯ ಕೋಟೆಯ ಹತ್ತಿರ, ಖರ್ಜೂರದ ತೋಟದ ಗೋಡೆಗೆ ತಾಗಿದ ಮನೆ. ಗಂಡನಿಗೆ ನೀರಿನ ಲಾರಿ ಇತ್ತು. ಪಂಪಿನ ಹಿಂದಿ, ಅಂದರೆ ಇಂಡಿಯಾದವ, ಬಂದಿದ್ದಾನೆ, ಹೆಂಡತಿಯೂ ಬಂದಿದ್ದಾಳೆ, ಇಲ್ಲಿ ನಿಂತಿದ್ದೇವೆ ಎಂದು ಹೇಳಿ. ಒಳಗೆ ಬರಲು ಆಗುತ್ತಿಲ್ಲ ಎಂದು ಹೇಳಿ. ಕೆಲವರು ತಲೆಯಾಡಿಸಿ ಹೋದರು. ಕೆಲವರು ಗಾಜನ್ನೇ ಇಳಿಸಲಿಲ್ಲ. ಪೊಲೀಸ್ ಬಂದು ರಸ್ತೆಯಿಂದ ಆಚೆ ನಿಲ್ಲಲು ಹೇಳಿದ. ಸರ್ ಅವನಿಗೂ ಅದನ್ನೇ ಹೇಳಿದರು, ಕೂಸು, ಹಾಲು ಎಂದು ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದರು. ಆಮೇಲೆ ಬುರೈಮಿಯವರ ಗಾಡಿ ಬಂದಾಗಲೆಲ್ಲ ಅವನೇ ಆ ಮನೆ ಗೊತ್ತೇ ಎಂದು ಕೇಳತೊಡಗಿದ.

ಮಧ್ಯಾಹ್ನವಾಯಿತು. ನಾನು ರೊಟ್ಟಿ ತೆಗೆದುಕೊಂಡು ಹೋದೆ. ಬೇಡ ಎಂದರು. ಬಿಸಿಲಿಗೆ ಅವರ ಬೋಳುತಲೆ ಕೆಂಪಾಗಿತ್ತು.

"ಸರ್, ಇನ್ನು ಹೋಗುವನಾ? ನಿಮಗೆ ಹುಷಾರು ತಪ್ಪಿದರೆ ನಾನು ಎಂತ ಮಾಡುವುದು?"

"ನಿಮಗ ತ್ರಾಸ ಕೊಡಾಕತ್ತೀನಿ, ಗೊತ್ತೈತ್ರಿ. ಇನ್ನೊಂದ್ ಸ್ವಲ್ಪ ನಿಂದರೂಣು." ನನ್ನ ಕಡೆ ನೋಡದೆ, ರಸ್ತೆ ನೋಡುತ್ತಾ ಅಂದರು. "ಅವತ್ತ ನಿಂದ್ರಬೇಕಾಗಿತ್ರಿ. ಲಾರಿಯವಗ ನಾಳೆ ಬಾ ಅಂದಿದ್ರ ಬರ್ತಿದ್ದ."

ಕಾರಿನಲ್ಲಿ ವೈನಿ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. "ಬರೂದಿಲ್ಲ ತಂಗಿ. ಹೇಳದಽ ಹೋದವರ ಸಲುವಾಗಿ ಯಾರು ಬರ್ತಾರ? ಅಕಿ ಇದ್ದಾಳೋ ಇಲ್ಲೋ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ. ಬರೀ ದಣಿವಿತ್ತು.

ಬಿಸಿಲು ಓರೆಯಾಗುವ ಹೊತ್ತಿಗೆ ಬುರೈಮಿ ಕಡೆಯಿಂದ ಒಂದು ಬಿಳಿ ಪಿಕಪ್ ಬಂದು ಪೋಸ್ಟ್ ದಾಟಿ ನಮ್ಮ ಎದುರು ನಿಂತಿತು. ಓಡಿಸುತ್ತಿದ್ದವನು ಗಡ್ಡದ ಗಂಡಸು. ಅವನು ಸುತ್ತಿ ಬಂದು ಈ ಕಡೆಯ ಬಾಗಿಲು ತೆಗೆದು ಒಬ್ಬ ಮುದುಕಿಯನ್ನು ಇಳಿಸಿದ. ಕಪ್ಪು ಬಟ್ಟೆ, ಮೂಗಿನ ಮೇಲೆ ಹಳೆಯ ಕಾಲದವರು ಕಟ್ಟುವ ಮುಖವಾಡದಂಥ ಬುರ್ಖಾ, ಕೈಯಲ್ಲಿ ಕೋಲು. ವೈನಿ ಬಾಗಿಲು ತೆಗೆದವರು ಅಲ್ಲೇ ನಿಂತರು.

ಮುದುಕಿ ವೈನಿಯ ಹತ್ತಿರ ಹೋಗಲಿಲ್ಲ. ನೇರವಾಗಿ ಸರ್ ಹತ್ತಿರ ಬಂದಳು. ಕೋಲಿನ ತುದಿಯನ್ನು ಅವರ ಎದೆಗೆ ಒತ್ತಿ, "ಲೇಶ್?" ಎಂದಳು.

ಏಕೆ, ಎಂದು. ಅಷ್ಟೇ ಕೇಳಿದಳು. ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಇರಬೇಕು.

ಸರ್‌ಗೆ ಬರುತ್ತಿದ್ದ ಅರಬ್ಬಿಯೆಲ್ಲ ಆ ಹೊತ್ತಿಗೆ ಮರೆತುಹೋಯಿತು. ಎರಡೂ ಕೈ ಜೋಡಿಸಿ, "ತಪ್ಪಾತು ಯವ್ವಾ, ತಪ್ಪಾತು," ಎಂದರು ಬಾಗಲಕೋಟೆಯ ಕನ್ನಡದಲ್ಲಿ. ಅವಳು ಅವರ ಮುಖವನ್ನೇ ನೋಡಿದಳು. ಕೋಲು ಕೆಳಗಿಳಿಯಿತು. ಆಮೇಲೆ ಆ ಹಳೆಯ ಕೈಯಿಂದ ಅವರ ಕೆಂಪಾದ ತಲೆಯನ್ನು ಒಮ್ಮೆ ಮುಟ್ಟಿ, ವೈನಿಯ ಕಡೆ ತಿರುಗಿದಳು.

ಆ ಇಬ್ಬರು ಹೆಂಗಸರು ಅಪ್ಪಿಕೊಂಡದ್ದನ್ನು ನಾನು ಬರೆಯಲಾರೆ. ನಾನು ಆಚೆ ತಿರುಗಿ ನಿಂತಿದ್ದೆ. ಗಾಳಿ ಬೀಸುತ್ತಿತ್ತೆಂದು ಇಬ್ಬರೂ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ವೈನಿ ಮೊಬೈಲಿನಲ್ಲಿ ಧಾರವಾಡದಲ್ಲಿದ್ದ ಮಗಳಿಗೆ ಫೋನ್ ಹಚ್ಚಿ ಮುದುಕಿಯ ಕಿವಿಗೆ ಹಿಡಿದದ್ದು ಗಾಜಿನಿಂದ ಕಂಡಿತು. ಅಲ್ಲಿ ಮಗಳು ಏನು ಹೇಳಿದಳೋ, ಇವಳಿಗೆ ಏನು ಅರ್ಥವಾಯಿತೋ, ಮುದುಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಲೇ ಇದ್ದಳು.

ಗಡ್ಡದವನು ಸಾಲಿಂ. ಒಳ್ಳೆಯವನೇ, ಆದರೆ ಅವನಿಗೆ ಅವಸರ. ಸಂಜೆಯ ನಮಾಜಿಗೆ ಊರು ಸೇರಬೇಕು, ತಾಯಿಗೆ ಮಾತ್ರೆ ಕೊಡಬೇಕು. ಕತ್ತಲಾಗುತ್ತಾ ಬಂತು. ಅವನು ಗಡಿಯಾರ ನೋಡಿ, "ಯಲ್ಲಾ," ಹೊರಡೋಣ ಎಂದು ಕಾರಿನ ಕಡೆ ಹೆಜ್ಜೆಯಿಟ್ಟ.

ಸರ್ ಅವನಿಗಿಂತ ಮೊದಲು ಹೋಗಿ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಶ್ವಯ್ಯ, ಸಾಲಿಂ. ಶ್ವಯ್ಯ," ಎಂದರು. ನಿಧಾನ, ನಿಧಾನ ಎಂದು.

ನನಗೂ ಕತ್ತಲೆಯ ಹೆದರಿಕೆ. ಆ ರಸ್ತೆಗೆ ಒಂಟೆಗಳು ಅಡ್ಡ ಬರುತ್ತವೆ, ಇಬ್ರಿ ದೂರ. "ಸರ್, ನಾವೂ ಹೊರಡಬೇಕಲ್ಲ," ಎಂದೆ.

"ಅವರು ತಾವಽ ಬಾಗಲಾ ತಗದು ಹೊರಗ ಬರ್ಲಿರಿ. ಅಲ್ಲೀತನಕ ಯಾರೂ ಎಬ್ಬಸಬ್ಯಾಡ್ರಿ."

ಸಾಲಿಂ ಪಿಕಪ್ಪಿನ ಪಕ್ಕದಲ್ಲೇ ಚಾಪೆ ಹಾಸಿ ನಮಾಜು ಮಾಡಿದ. ಪೋಸ್ಟಿನ ದೀಪಗಳು ಹತ್ತಿದವು, ಚಳಿ ಇಳಿಯಿತು. ಸರ್ ಬರೀ ತಲೆಯಲ್ಲಿ, ಕೈಕಟ್ಟಿಕೊಂಡು, ಬಾಗಿಲಿಗೊರಗಿ ನಿಂತೇ ಇದ್ದರು. ಒಳಗಿನಿಂದ ಒಮ್ಮೊಮ್ಮೆ ಮಾತು, ಒಮ್ಮೊಮ್ಮೆ ನಗು ಕೇಳಿಸುತ್ತಿತ್ತು. ಅಷ್ಟು ಹೊತ್ತಿನಲ್ಲಿ ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.